ಅಪ್ಪಂಗೆ ಗೊತ್ತಿತ್ತಾ?

"ನಿಂತ್ಕೊಳ್ಳಿ ಸಿಸ್ಟರ್, ಹಾಗೇ ಜಾರ್ಕೊಂಡು ಹೋಗ್ಬೇಡಿ!" ಮನೆಯ ಮೆಟ್ಟಿಲಿಳಿಯುತ್ತಿದ್ದ ಆಸ್ಪತ್ರೆ ವಾರ್ಡಿನ ನರ್ಸಮ್ಮನ ಕೈಯನ್ನು ಮಗಳು ಗಬಕ್ಕನೆ ಹಿಡಿದುಕೊಂಡಳು.

"ಡ್ಯೂಟಿ ಇದೆ ಕಣಮ್ಮ."

"ಒಂದೇ ಪ್ರಶ್ನೆ. ಅಪ್ಪಂಗೆ ಗೊತ್ತಿತ್ತಾ?"

ಅಪ್ಪ ಒಳಗೆ, ನಡುಮನೆಯಲ್ಲಿ, ಬಿಳಿ ಹೊದಿಕೆಯ ಕೆಳಗೆ ಮಲಗಿದ್ದರು. ಅವರನ್ನು ಸ್ಮಶಾನಕ್ಕೆ ಒಯ್ಯಬೇಕಾದ ಗಾಡಿ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಿದೆಯೆಂದು ಈಗತಾನೇ ಫೋನು ಬಂದಿತ್ತು.

ತಲೆ ಬೆಳ್ಳಗಾಗುವವರೆಗೂ ಅವರು ದೊಡ್ಡಾಸ್ಪತ್ರೆಯ ವಿಚಾರಣೆ ಕೌಂಟರಿನಲ್ಲಿ ಕೂತವರು. ಕೂತವರು ಅನ್ನುವುದೂ ತಪ್ಪೇ. ಎಕ್ಸ್‌ರೇ ಎಲ್ಲಿ ಅಂತ ಯಾರಾದರೂ ಕೇಳಿದರೆ ಬೆರಳು ತೋರಿಸುವ ಬದಲು ಎದ್ದು ಅವರ ಜೊತೆಗೇ ಹೊರಟುಬಿಡುತ್ತಿದ್ದರು. ವಿಚಾರಣೆಯವರು ಎಲ್ಲಿ ಅಂತ ವಿಚಾರಿಸೋಕೆ ಇನ್ನೊಂದು ಕೌಂಟರು ಹಾಕ್ಬೇಕು ಎಂದು ಕ್ಯಾಂಟೀನಿನವನು ಗೇಲಿ ಮಾಡುತ್ತಿದ್ದ. ಡಾಕ್ಟರು ಗಡಿಬಿಡಿಯಲ್ಲಿ ಹೇಳಿ ಹೋದದ್ದನ್ನು ಮನೆಯವರಿಗೆ ನಿಧಾನವಾಗಿ ಬಿಡಿಸಿ ಹೇಳುತ್ತಿದ್ದವರೂ ಅವರೇ. "ರೋಗಿಗೆ ಮೊದಲು ಹೇಳ್ರಪ್ಪಾ, ಅವ್ರ ಮೈ ಅವ್ರದು" ಎಂದು ಎಷ್ಟು ಜನರ ಹತ್ತಿರ ಜಗಳವಾಡಿದ್ದರೋ!

ಅಂಥವರಿಗೇ ಲಿವರಿನ ಕ್ಯಾನ್ಸರ್ ಬಂದಾಗ ಮಗ ಡಾಕ್ಟರ ಕೈ ಹಿಡಿದು ಬೇಡಿಕೊಂಡಿದ್ದ. ಅಪ್ಪನಿಗೆ ಮಾತ್ರ ಹೇಳಬೇಡಿ. ಬರೀ ಕಾಮಾಲೆ, ವಾಸಿಯಾಗುತ್ತೆ ಎಂದು ಮನೆಯವರೆಲ್ಲ ಒಂದೇ ರಾಗ ಹಾಡಿದರು. "ಹೂಂ, ಕಾಮಾಲೆ" ಎಂದು ಅಪ್ಪನೂ ತಲೆಯಾಡಿಸಿದ್ದರು.

"ಈಗ್ಯಾಕೆ ಅದೆಲ್ಲ?" ಬಾಗಿಲಿಗೆ ಬಂದ ಮಗ ತಂಗಿಯನ್ನು ಗದರಿದ. "ಏನೂ ಗೊತ್ತಿಲ್ದೆ ನೆಮ್ಮದಿಯಾಗಿ ಹೋದ್ರು. ಬಿಡೇ."

"ಗೊತ್ತಿಲ್ದೆ ಹೋಗಿದ್ರೆ ನಾವು ಮೋಸ ಮಾಡಿದ ಹಾಗಲ್ವೇನೋ ಅಣ್ಣಾ? ಗೊತ್ತಿದ್ರೆ, ಅಷ್ಟನ್ನೂ ಒಬ್ರೇ ಹೊತ್ಕೊಂಡಿದ್ರು. ಎರಡ್ರಲ್ಲಿ ಯಾವ್ದು ಅಂತ ತಿಳೀದೆ ನಾನು ಅವ್ರನ್ನ ಕಳಿಸಲ್ಲ."

"ಅಪ್ಪನದೇ ಬುದ್ಧಿ ಇವಳಿಗೆ. ಹಿಡಿದ್ರೆ ಬಿಡೋಳಲ್ಲ," ಎಂದರು ಒಳಗಿನಿಂದ ಸೋದರತ್ತೆ.

ನರ್ಸಮ್ಮ ಮಗನ ಮುಖ ನೋಡಿದಳು, ಮಗಳ ಮುಖ ನೋಡಿದಳು. ಕೊನೆಗೆ ಕೈಚೀಲವನ್ನು ಕೆಳಗಿಟ್ಟಳು.

*

ಆವತ್ತು ವಾರ್ಡಿನಲ್ಲಿ ಮಧ್ಯಾಹ್ನದ ಊಟ ಮುಗಿದಿತ್ತು. ಅಪ್ಪ ಹೊದಿಕೆ ಹೊದ್ದುಕೊಂಡೇ ಡ್ರಿಪ್ಪಿನ ಸ್ಟ್ಯಾಂಡನ್ನು ತಳ್ಳಿಕೊಂಡು ನರ್ಸಮ್ಮನ ಮೇಜಿನ ಹತ್ತಿರ ಬಂದರು.

"ತಂಗೀ, ಒಂದು ಉಪಕಾರ ಮಾಡು. ನೀನು ನಾನಾಗು. ನಾನು ನನ್ನ ಮಗಳಾಗ್ತೀನಿ."

"ಏನಣ್ಣಾ ಇದು, ನಾಟಕಾನಾ?"

"ರಿಹರ್ಸಲ್ಲು. ರಿಪೋರ್ಟು ಓದ್ಕೊಂಡೆ. ನನಗೆ ಕ್ಯಾನ್ಸರ್ ಅಂತ ಮಕ್ಕಳಿಗೆ ಹೇಳ್ಬೇಕಲ್ಲ. ಪಾಪ, ಅವಕ್ಕೆ ಗೊತ್ತಿಲ್ಲ. ಕಾಮಾಲೆ ಅಂದ್ಕೊಂಡಿವೆ. ನಾನೇ ಹೇಳೋವರೆಗೂ ನೀನು ಹೇಳಲ್ಲ ಅಂತ ಮಾತು ಕೊಡು."

ಅವಕ್ಕೂ ಗೊತ್ತು ಎನ್ನಲು ಹೊರಟ ನರ್ಸಮ್ಮ ನಾಲಿಗೆ ಕಚ್ಚಿಕೊಂಡಳು. ಬಾಯಿ ಬಿಡಬೇಡಿ ಎಂದು ಮಗ ಅವಳಿಂದಲೂ ಮಾತು ತೆಗೆದುಕೊಂಡಿದ್ದ. ಹೂಂ ಎಂದು ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು.

"ಎದುರಿಗಲ್ಲ ಮಾರಾಯ್ತಿ. ಎದುರಿಗೆ ಕೂತ್ರೆ ಜಡ್ಜ್ ಥರ ಕಾಣ್ತೀವಿ. ಪಕ್ಕಕ್ಕೆ ಬಾ."

ಅವಳು ಪಕ್ಕಕ್ಕೆ ಬಂದಳು. ದನಿ ದಪ್ಪ ಮಾಡಿಕೊಂಡಳು. "ಮಗಳೇ, ಇದು ಕಾಮಾಲೆ ಅಲ್ಲ, ಕ್ಯಾನ್ಸರ್. ವಾಸಿ ಆಗಲ್ಲ. ಆದ್ರೆ ನೋವು ಕಡಿಮೆ ಆಗೋ ಹಾಗೆ ಔಷಧಿ ಕೊಡ್ತಾರೆ."

ಅವರು ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡು ಸೊಂಟಕ್ಕೆ ಕೈಯಿಟ್ಟರು. "ಇಷ್ಟು ದಿನ ಯಾಕಪ್ಪಾ ಹೇಳ್ಲಿಲ್ಲ? ನಾನೇನು ಹೊರಗಿನವಳಾ?"

ಮೇಜಿನ ಪಕ್ಕದ ಮಂಚದ ರೋಗಿ ಕಿಸಕ್ಕನೆ ನಕ್ಕ. ನರ್ಸಮ್ಮನಿಗೂ ನಗು ತಡೆಯಲಾಗಲಿಲ್ಲ. ಆದರೆ ಅವರು ಮಗಳಾಗಿಯೇ ಮುಂದುವರಿದರು.

"ಹಾಗಾದ್ರೆ ಇನ್ಮೇಲೆ ನಾನು, ಬಸ್ಸಿಳಿದ ತಕ್ಷಣ, ಯಾರಿಗೆ ಫೋನ್..."

ಮಾತು ಅಲ್ಲಿಗೇ ನಿಂತಿತು. ಹೊದಿಕೆಯ ಅಂಚಿನಿಂದ ಮೂಗು ಒರೆಸಿಕೊಂಡರು. "ಇವತ್ತು ಸಾಕು. ನಾಳೆ ನೋಡೋಣ."

*

"ದಿನಾ ಮಾಡ್ತಿದ್ವಿ. ದಿನಾ ಅಲ್ಲಿಗೇ ನಿಂತೋಗ್ತಿತ್ತು," ಎಂದಳು ನರ್ಸಮ್ಮ.

ಮಗ ಬಾಗಿಲ ಚೌಕಟ್ಟು ಹಿಡಿದುಕೊಂಡ. "ನಮಗೆ ಗೊತ್ತಿಲ್ಲ ಅಂದ್ಕೊಂಡಿದ್ರಾ?"

"ಹೂಂ."

"ನಾವು ಅವ್ರಿಗೆ ಗೊತ್ತಿಲ್ಲ ಅಂತ..."

"ಹೂಂ ಕಣಪ್ಪಾ. ಇಬ್ಬರಿಗೂ ಮಾತು ಕೊಟ್ಟು ನಾನು ಮಧ್ಯದಲ್ಲಿ ಚಟ್ನಿಯಾದೆ."

ಅತ್ತೆ ನಕ್ಕುಬಿಟ್ಟರು. ತಕ್ಷಣ ಬಾಯಿ ಮುಚ್ಚಿಕೊಂಡರು, ಆ ಕೈಯ ಹಿಂದೆಯೇ ಅಳತೊಡಗಿದರು.

"ನಾನು ನಿಜವಾಗ್ಲೂ ಹಾಗೆ ಸೊಂಟಕ್ಕೆ ಕೈಯಿಟ್ಕೊಂಡು ಮಾತಾಡ್ತೀನಾ?" ಮಗಳು ಕೇಳಿದಳು.

"ಈಗ್ಲೂ ಹಾಗೇ ನಿಂತಿದೀಯ," ಎಂದ ಮಗ.

ಮಗಳು ಕೈ ಕೆಳಗಿಳಿಸಿದಳು. ಒಳಗೆ ಹೋಗಿ ಅಪ್ಪನ ತಲೆಯ ಬಳಿ ಎರಡು ಕುರ್ಚಿಗಳನ್ನು ಪಕ್ಕಪಕ್ಕ ಹಾಕಿದಳು.

"ಬನ್ನಿ ಸಿಸ್ಟರ್. ಇನ್ನೊಂದ್ಸಲ ಅಪ್ಪ ಆಗಿ. ಈ ಸಲ ನನ್ನ ಪಾರ್ಟು ನಾನೇ ಮಾಡ್ತೀನಿ."

ನರ್ಸಮ್ಮ ಕೂತಳು. ಗಂಟಲು ಸರಿಮಾಡಿಕೊಂಡಳು. "ಮಗಳೇ..."

ಹೊರಗೆ ಗಾಡಿ ಬಂದು ಹಾರ್ನ್ ಹೊಡೆಯಿತು. ಮಗ ದಡಬಡನೆ ಓಡಿ, ಸ್ವಲ್ಪ ತಡಿ ಎಂದು ಡ್ರೈವರನಿಗೆ ಕೈಸನ್ನೆ ಮಾಡಿ ಬಂದ. ಮೂಲೆಯಲ್ಲಿದ್ದ ಇನ್ನೊಂದು ಕುರ್ಚಿಯನ್ನು ನೆಲಕ್ಕೆ ತಾಗಿ ಸದ್ದಾಗದಂತೆ ಎತ್ತಿ ತಂದು, ನರ್ಸಮ್ಮನ ಇನ್ನೊಂದು ಪಕ್ಕಕ್ಕೆ ಇಟ್ಟುಕೊಂಡು ಕೂತ.