ಗೀಟು ಹಾಕಿದ ಬಟ್ಟಲು

ನನ್ನ ಹೆಂಡತಿ ದಮಯಂತಿಗೆ ಸಿಟ್ಟು ಬಂತೆಂದರೆ ಎದುರು ನಿಲ್ಲುವವರು ನಮ್ಮ ಪಣಂಬೂರಿನಲ್ಲೇ ಇಲ್ಲ. ನಾನು ಚೆನ್ನಪ್ಪ, ಬೋಟು ನಡೆಸಿ ಮುದುಕನಾದವನು. ಕಡಲಿಗೆ ಹೆದರದಿದ್ದರೂ ಇವಳಿಗೆ ಹೆದರಿದ್ದೇನೆ.

ಮಗಳು ಸೌಜನ್ಯಳ ಮಗು ಪ್ರಾಪ್ತಿಗೆ ಆರು ವರ್ಷ. ರಕ್ತದ ಕ್ಯಾನ್ಸರ್ ಎಂದರು. ರಕ್ತ ಬೇಕೆಂದಾಗ ಅವಳ ಸೋದರಮಾವ, ನನ್ನ ಮಗ ಯೋಗೀಶ್, ಬೋಟಿನಿಂದ ಇಳಿದವನೇ ಓಡಿದ. ಅವನ ರಕ್ತ ಆಗುವುದಿಲ್ಲವಂತೆ, ಹೆಪಟೈಟಿಸ್ ಬಿ ಇದೆಯಂತೆ. ಮರುದಿನ ಮಗುವಿನ ವರದಿಯಲ್ಲೂ ಅದೇ ಬಂತು.

"ಕೀಮೋ ಕೊಟ್ಟಾಗ ಮೈಯ ಶಕ್ತಿ ಕುಗ್ತದೆ. ಆಗ ಈ ವೈರಸ್ ಎದ್ದು ಲಿವರನ್ನೇ ಹಾಳು ಮಾಡಬಹುದು," ಎಂದರು ಡಾಕ್ಟರ್ ಡ್ಯಾಫ್ನಿ. "ಮೊದಲು ಇದಕ್ಕೆ ಮಾತ್ರೆ ಶುರು ಮಾಡುವ. ಮನೆಯವರೆಲ್ಲ ರಕ್ತ ಪರೀಕ್ಷೆ ಮಾಡಿಸಿ."

ದಮಯಂತಿಗೆ ಅಷ್ಟು ಸಾಕಾಯಿತು. ಯೋಗೀಶ್ ಮನೆಯಲ್ಲಿದ್ದರೆ ಪ್ರಾಪ್ತಿಗೆ ಅವನೇ ಮೀನಿನ ಮುಳ್ಳು ಬಿಡಿಸಿ, ಅನ್ನಕ್ಕೆ ಕಲಸಿ ಬಾಯಿಗಿಡಬೇಕಿತ್ತು.

"ನಿನ್ನ ಕೈಯಿಂದಲೇ ಬಂದದ್ದು! ಎಂತೆಂತ ಮಾಡಿಕೊಂಡು ಬಂದಿದ್ದಿ ಮಾರಾಯ? ಇನ್ನು ಮಗುವಿನ ಹತ್ತಿರ ಸುಳಿದರೆ ಜಾಗ್ರತೆ!"

ಒಂದು ಬಟ್ಟಲಿನ ತಳಕ್ಕೆ ಮೊಳೆಯಿಂದ ಗೀಟು ಹಾಕಿ ಅವನಿಗೆಂದು ಬೇರೆ ಇಟ್ಟಳು. ಊಟ ಹೊರಗೆ ಜಗಲಿಯಲ್ಲಿ. ಬೋಟಿನಲ್ಲಿ ಎಲ್ಲರೂ ಒಂದೇ ಬ್ಲೇಡಿನಲ್ಲಿ ಗಡ್ಡ ತೆಗೆಯುತ್ತಿದ್ದರು, ಅಲ್ಲಿಂದ ಬಂದಿರಬೇಕು, ಮಗುವಿಗೆ ತಾನೇ ಕೊಟ್ಟೆ ಎಂದು ಅವನೂ ನಂಬಿಬಿಟ್ಟಿದ್ದ. ಜಗಲಿಯಲ್ಲಿ ತಲೆ ತಗ್ಗಿಸಿ ಉಣ್ಣುತ್ತಿದ್ದ.

ಅತ್ತ ಆಸ್ಪತ್ರೆಯಲ್ಲಿ ಪ್ರಾಪ್ತಿ ಬಾಯಿ ಬಿಗಿದು ಕೂತಳು. "ಮಾಮ ಬರಲಿ, ಆಮೇಲೆ ಉಣ್ತೇನೆ." ಸೌಜನ್ಯ ಬೇಡಿದಳು, ಅತ್ತಳು. ಹೀಗೆ ಉಣ್ಣದಿದ್ದರೆ ಕೀಮೋ ತಡೆಯುವ ತ್ರಾಣ ಎಲ್ಲಿಂದ ಬರಬೇಕು ಎಂದು ಡಾಕ್ಟರಿಗೂ ಚಿಂತೆ.

ಮನೆಯವರ ಪರೀಕ್ಷೆಯ ವರದಿ ಬಂದ ದಿನ ಡಾಕ್ಟರ್ ನಮ್ಮನ್ನು ಕೂರಿಸಿಕೊಂಡು, "ಯೋಗೀಶ್ ಎಲ್ಲಿ?" ಎಂದರು.

"ಅವನನ್ನು ದೂರ ಇಟ್ಟಿದ್ದೇನೆ," ಎಂದಳು ದಮಯಂತಿ, ದೊಡ್ಡ ಕೆಲಸ ಮಾಡಿದವಳ ಹಾಗೆ.

"ಅಮ್ಮ, ನಿಮಗೂ ಉಂಟು. ಸೌಜನ್ಯಳಿಗೂ ಉಂಟು. ಹೆರಿಗೆಯ ಹೊತ್ತಿಗೆ ತಾಯಿಯಿಂದ ಮಗುವಿಗೆ ದಾಟ್ತದೆ ಇದು, ಲಸಿಕೆ ಹಾಕಿದರೂ ಕೆಲವೊಮ್ಮೆ ದಾಟ್ತದೆ. ನಿಮ್ಮಿಂದ ಮಕ್ಕಳಿಬ್ಬರಿಗೆ, ಸೌಜನ್ಯಳಿಂದ ಪ್ರಾಪ್ತಿಗೆ ಬಂದಿರಬೇಕು. ಯಾರ ತಪ್ಪೂ ಅಲ್ಲ. ಉಣ್ಣಿಸಿದರೆ, ಮುಟ್ಟಿದರೆ ಬರುವ ಕಾಯಿಲೆಯೂ ಅಲ್ಲ. ಯೋಗೀಶನನ್ನು ಕಳಿಸಿ."

ನಮ್ಮಲ್ಲಿ ಕುಲ ನಡೆಯುವುದೇ ತಾಯಿಯ ಕಡೆಯಿಂದ. ದಮಯಂತಿಗೆ ಅದರ ಜಂಬ ಸ್ವಲ್ಪವಲ್ಲ. ಆ ದಿನ ಮನೆಗೆ ಬಂದವಳು ಗೀಟಿನ ಬಟ್ಟಲಿಗೆ ತನಗೇ ಬಡಿಸಿಕೊಂಡು ಜಗಲಿಗೆ ಹೋಗಿ ಕೂತಳು.

"ಎಂತ ಹುಚ್ಚು ನಿನ್ನದು? ಡಾಕ್ಟ್ರು ಹೇಳಿದ್ದು ಕಿವಿಗೆ ಬೀಳ್ಲಿಲ್ವಾ?" ಎಂದು ಗದರಿದೆ.

"ಮಗನಿಗೆ ಇಟ್ಟದ್ದು ನನಗೂ ಇರಲಿ," ಎಂದಳು. ಒಂದು ತುತ್ತೂ ಇಳಿಯಲಿಲ್ಲ.

ಡಾಕ್ಟರ್ ಹೇಳಿದ್ದನ್ನು ನನ್ನಿಂದ ಕೇಳಿದ ಯೋಗೀಶ್ ಮರುದಿನ ಅನ್ನ, ಕಾಣೆ ಮೀನಿನ ಸಾರು ಹಿಡಿದುಕೊಂಡು ನಮ್ಮೊಂದಿಗೆ ಆಸ್ಪತ್ರೆಗೆ ಬಂದ. ಪ್ರಾಪ್ತಿ ಮಂಚದಲ್ಲೇ ಎದ್ದು ಕೂತಳು. ಅವನು ಕೈ ತೊಳೆದು ಮುಳ್ಳು ಬಿಡಿಸತೊಡಗಿದ. ಮಗು ಗಬಗಬ ತಿಂದಿತು. ದಮಯಂತಿ ಬಾಗಿಲಲ್ಲೇ ನಿಂತಿದ್ದಳು, ತಾನು ಮಗನನ್ನು ನಿಲ್ಲಿಸಿದ್ದ ಹಾಗೆಯೇ ಹೊರಗೆ.

ಯೋಗೀಶ್ ಅವಳನ್ನು ನೋಡಿದ. ಇನ್ನೊಂದು ತುತ್ತು ಕಲಸಿ, ಎದ್ದು ಹೋಗಿ ಅವಳ ಬಾಯಿಯ ಹತ್ತಿರ ಹಿಡಿದ. "ಬಾಯಿ ತೆರಿ ಅಮ್ಮ."

ಅವಳು ಸೆರಗು ಬಾಯಿಗೊತ್ತಿಕೊಂಡು ತಲೆಯಾಡಿಸಿದಳು.

"ಅಜ್ಜಿ, ಹಠ ಮಾಡ್ಬೇಡ," ಮಂಚದಿಂದ ಪ್ರಾಪ್ತಿ ಕೂಗಿದಳು. "ಮಾಮ ಮುಳ್ಳೆಲ್ಲ ತೆಗ್ದಿದ್ದಾನೆ."

ದಮಯಂತಿ ಬಾಯಿ ತೆರೆದಳು.