ಕುತ್ತಿಗೆ ಇಲ್ಲದ ಅಪ್ಪ

ಸಿಟ್ಟು ಕೆಲವರಿಗೆ ಮೂಗಿನ ತುದಿಯಲ್ಲೇ ಇರುತ್ತದೆ. ದರ್ಜಿ ಮಾಸ್ಟರಿಗೆ ಅದು ಮೂಗಿನಿಂದಿಳಿದು ಬಲಗೈಗೆ ಬಂದಿತ್ತು. ಆ ಕೈ ಕತ್ತರಿ ಹಿಡಿದರೆ ಊರೆಲ್ಲ ಮೆಚ್ಚಬೇಕು, ಕತ್ತರಿ ಕೆಳಗಿಟ್ಟರೆ ಹೆಂಡತಿ ಗೋಡೆಗೆ ಅಂಟಿಕೊಳ್ಳಬೇಕು. ಅವಳು ಅದೇ ಅಂಗಡಿಯ ಮೂಲೆಯಲ್ಲಿ ಕೂತು ಅಂಗಿಗಳಿಗೆ ಗುಂಡಿ ತೂರುವ ಕಾಜಾ ಹಾಕುತ್ತಿದ್ದಳು. ಅವಳ ಎಡಗಿವಿ ಸರಿಯಾಗಿ ಕೇಳುತ್ತಿರಲಿಲ್ಲ. ವಿಚಾರಿಸಿದವರಿಗೆ ಜ್ವರ ಬಂದು ಹೀಗಾಯಿತು ಎನ್ನುತ್ತಿದ್ದಳು. ಜನ ನಂಬಿದಂತೆ ಮಾಡುತ್ತಿದ್ದರು. ಕೋಟು ಮೈಗೆ ಸರಿಯಾಗಿ ಕೂತರೆ ಸಾಕು, ದರ್ಜಿಯ ಹೆಂಡತಿಯ ಕಿವಿ ಕಟ್ಟಿಕೊಂಡು ಯಾರಿಗೇನಾಗಬೇಕು?

ಅವರಿಗೊಬ್ಬಳೇ ಮಗಳು, ಆಗಷ್ಟೇ ಮೂರು ತುಂಬಿತ್ತು. ಹುಟ್ಟಿದಾಗ ಅಂಗಿಯ ಗುಂಡಿಯಷ್ಟು ಪುಟ್ಟದಾಗಿದ್ದಳೆಂದು ಎಲ್ಲರೂ ಅವಳನ್ನು ಗುಂಡಿ ಎಂದೇ ಕರೆಯುತ್ತಿದ್ದರು. ಬಟ್ಟೆಗೆ ಗುರುತು ಹಾಕಿ ಹಾಕಿ ಸವೆದ ಚಾಕ್ ಚೂರುಗಳನ್ನು ತಾಯಿ ಕದ್ದು ಅವಳಿಗೆ ಕೊಡುತ್ತಿದ್ದಳು. ಗುಂಡಿ ಮೇಜಿನ ಕೆಳಗೆ ಸೇರಿಕೊಂಡು ನೆಲದ ಮೇಲೆ ಗೀಚುತ್ತಿದ್ದಳು. ಗೀಚಿದ್ದೆಲ್ಲ ಸಿಕ್ಕುಬಿದ್ದ ದಾರ; ಸುತ್ತಿ, ಸುತ್ತಿ, ಕೈ ಸೋತಾಗ ನಿಲ್ಲುತ್ತಿತ್ತು. ಏನಮ್ಮಾ ಇದು ಎಂದರೆ ಒಮ್ಮೆ ಬೆಕ್ಕು, ಒಮ್ಮೆ ಬಸ್ಸು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ತಾಯಿಗೆ ಆ ಸಿಕ್ಕಿನಲ್ಲಿ ಬೆಕ್ಕೂ ಕಾಣುತ್ತಿತ್ತು, ಬಸ್ಸೂ ಕಾಣುತ್ತಿತ್ತು. ಮಾಸ್ಟರಿಗೆ ಏನೂ ಕಾಣುತ್ತಿರಲಿಲ್ಲ.

"ಗೆರೆ ಅಂದ್ರೆ ಆಟದ ಸಾಮಾನಲ್ಲ. ಇನ್ನೊಂದ್ಸಲ ಇವಳ ಕೈಯಲ್ಲಿ ಚಾಕ್ ಕಂಡ್ರೆ ಆ ಕೈಗೆ ಬರೆ ಎಳೀತೀನಿ," ಎಂದಿದ್ದ. ಬರೀ ಬಾಯಿಮಾತಿಗೆ ಹೇಳುವ ಗಂಡಸಲ್ಲ ಅವನು. ಅದು ಅವಳ ಎಡಗಿವಿಗೆ ಚೆನ್ನಾಗಿ ಗೊತ್ತಿತ್ತು.

ಮಾಸ್ಟರಿಗೆ ಒಂದು ಜಂಬವಿತ್ತು. ಒಮ್ಮೆ ಗೆರೆ ಎಳೆದರೆ ಮತ್ತೆ ತಿರುಗಿ ನೋಡುವವನಲ್ಲ. ಕತ್ತರಿಯನ್ನು ಗೆರೆಯ ಬಾಯಿಗೆ ಕೊಟ್ಟು, ಗಿರಾಕಿಯ ಜೊತೆ ಹರಟುತ್ತಲೇ ಸರ್ರನೆ ಕತ್ತರಿಸಿಬಿಡುತ್ತಿದ್ದ. ಆ ದಿನ ಮದುವೆ ಗಂಡಿನ ಕೋಟಿಗೆಂದು ಬಂದ ಕಡುನೀಲಿ ಉಣ್ಣೆ ಬಟ್ಟೆಗೆ ಗೆರೆ ಎಳೆದು ಚಹಾ ಕುಡಿಯಲು ಹೋದ. ಹೆಂಡತಿ ನೀರು ತರಲು ಹಿತ್ತಲಿಗೆ ಹೋದಳು. ಗುಂಡಿ ಸ್ಟೂಲು ಹತ್ತಿದಳು.

ಮಾಸ್ಟರ್ ಫೋನಿನಲ್ಲಿ ಮಾತಾಡುತ್ತಲೇ ಬಂದು, ಮಾತಾಡುತ್ತಲೇ ಕತ್ತರಿ ಹಚ್ಚಿದ. ಕತ್ತರಿ ತೋಳಿನ ಬಾಗಿನಲ್ಲಿ ಅವನ ಗೆರೆ ಬಿಟ್ಟು ಇನ್ನೊಂದು ಗೆರೆ ಹಿಡಿಯಿತು, ಕೋಟಿನ ಎದೆಯನ್ನು ಅಡ್ಡಡ್ಡ ಸೀಳಿತು. ಅವನಿಗೆ ಗೊತ್ತಾಗುವಷ್ಟರಲ್ಲಿ ಬಟ್ಟೆ ಎರಡು ಹೋಳಾಗಿತ್ತು.

ಬಿಂದಿಗೆ ಹಿಡಿದು ಬಂದ ಹೆಂಡತಿ ಮೊದಲು ನೋಡಿದ್ದು ಗಂಡನ ಮುಖವನ್ನಲ್ಲ, ಬಟ್ಟೆಯನ್ನು. ಒಂದು ಸೊಟ್ಟ ದುಂಡು, ಒಳಗೆರಡು ಚುಕ್ಕೆ, ದುಂಡಿನಿಂದಲೇ ಹೊರಟ ಎರಡು ಉದ್ದ ಕಾಲು. ನಿನ್ನೆಯವರೆಗೆ ಬರೀ ಸಿಕ್ಕು ಗೀಚುತ್ತಿದ್ದ ಮಗಳು ಇವತ್ತು ಮನುಷ್ಯನನ್ನು ಬರೆದಿದ್ದಳು. ಭಯದ ನಡುವೆಯೂ ಅವಳಿಗೆ ಖುಷಿಯಾಯಿತು. ಹೌದು, ಖುಷಿಯೇ.

"ಯಾರು?" ಎಂದ ಮಾಸ್ಟರ್. ಅವನ ದನಿ ಏರಿರಲಿಲ್ಲ, ಅದೇ ಕೆಟ್ಟ ಸೂಚನೆ.

"ನಾನೇ ರೀ. ಚಾಕ್ ಚೆನ್ನಾಗಿದೆಯಾ ನೋಡೋಣ ಅಂತ..."

ಮರದ ಅಳತೆಪಟ್ಟಿ ಅವಳ ಹೆಗಲಿಗೆ ಬಿದ್ದು ಮುರಿಯಿತು. ಮುರಿದ ತುಂಡಿನಿಂದಲೇ ಮೊಣಕೈಗೆ ಹೊಡೆದ, ಪಕ್ಕೆಗೆ ಹೊಡೆದ. ಬಿಂದಿಗೆ ಉರುಳಿ ಅಂಗಡಿಯೆಲ್ಲ ನೀರಾಯಿತು. ಜಡೆ ಹಿಡಿದು ಎಳೆದು ಅವಳ ಮುಖವನ್ನು ಮೇಜಿಗೆ ಕುಟ್ಟಿದ. ತುಟಿ ಒಡೆದು ರಕ್ತ ನೀಲಿ ಬಟ್ಟೆಗೆ ಇಳಿಯಿತು. ಹೊಡೆತವೆಲ್ಲ ನನ್ನ ಮೇಲೇ ತೀರಿಹೋಗಲಿ, ಮೇಜಿನ ಕೆಳಗಿನವರೆಗೆ ಹೋಗದಿರಲಿ ಎಂದಷ್ಟೇ ಬೇಡಿಕೊಂಡಳು.

"ನೀನೇನಾ? ಹಾಗಾದ್ರೆ ಇನ್ನೊಂದ್ಸಲ ಬರಿ," ಎಂದು ಚಾಕ್ ಎಸೆದ.

ಅವಳು ಬರೆದಳು. ದುಂಡು ದುಂಡಾಗಿಯೇ ಬಂತು. ಬಟ್ಟೆಯಲ್ಲೇ ಬೆಳೆದ ಕೈಗೆ ಬೇಕೆಂದರೂ ಸೊಟ್ಟ ಬರುವುದಿಲ್ಲ. ದುಂಡಿನ ಕೆಳಗೆ ಅಭ್ಯಾಸಬಲದಿಂದ ಕುತ್ತಿಗೆ ಎಳೆದಳು, ಹೆಗಲು ಎಳೆದಳು.

ಮೇಜಿನ ಕೆಳಗಿಂದ ಕೀರಲು ನಗು ಕೇಳಿಸಿತು. ಅಪ್ಪನ ಗದ್ದಲ ಗುಂಡಿಗೆ ದಿನದ ಪಾಡು. ಅದು ನಿಂತ ಕೂಡಲೇ ತಲೆ ಹೊರಗೆ ಹಾಕುವುದೂ ಅವಳಿಗೆ ರೂಢಿ. ಅವಳು ಒದ್ದೆ ನೆಲದಲ್ಲಿ ಅಂಬೆಗಾಲಿಟ್ಟು ಬಂದು ಸ್ಟೂಲು ಹತ್ತಿದಳು.

"ಹಂಗಲ್ಲಮ್ಮಾ. ಅಪ್ಪಂಗೆ ಕುತ್ತಿಗೆ ಇಲ್ಲ. ಕೊಡು ನಾನು ಬರೀತೀನಿ."

"ಗುಂಡಿ, ಒಳಗೆ ಹೋಗು," ಎಂದಳು ತಾಯಿ. ಒಡೆದ ತುಟಿಯಲ್ಲಿ ಮಾತು ಸರಿಯಾಗಿ ಹೊರಡಲಿಲ್ಲ. ಅಷ್ಟರಲ್ಲಿ ಮಗು ಚಾಕ್ ಹಿಡಿದು ನಾಲಿಗೆ ಹೊರಗಿಟ್ಟು ಬರೆಯತೊಡಗಿತ್ತು. ಸೊಟ್ಟ ದುಂಡು, ಎರಡು ಚುಕ್ಕೆ, ಎರಡು ಕಾಲು. ಮುಗಿಸಿ, ಮೆಚ್ಚಲಿ ಎಂದು ಅಪ್ಪನ ಮುಖ ನೋಡಿತು.

"ಇದು ನಾನಾ?" ಎಂದ ಮಾಸ್ಟರ್.

ಗುಂಡಿ ತಲೆಯಾಡಿಸಿದಳು. ಅವನು ಒಂದು ಕ್ಷಣ ಬಗ್ಗಿ ನೋಡಿದ. ಕರಗಿದನೇನೋ ಎಂದು ತಾಯಿ ಉಸಿರುಬಿಟ್ಟಳು. ಅವನು ಮಗುವಿನ ಪುಟ್ಟ ಮಣಿಕಟ್ಟನ್ನು ಬಲಗೈಯಲ್ಲಿ ಹಿಡಿದು, ಕಾಲರ್ ಒತ್ತಲು ಕಾಯಿಸಿಟ್ಟಿದ್ದ ಕರೆಂಟಿನ ಇಸ್ತ್ರಿಪೆಟ್ಟಿಗೆಯ ಕಡೆ ಎಳೆದ. "ಹೇಳಿದ್ನಲ್ಲ, ಬರೆ ಎಳೀತೀನಿ ಅಂತ," ಎಂದ.

ಇಸ್ತ್ರಿಪೆಟ್ಟಿಗೆ ಅವನಿಗಿಂತ ಮೊದಲು ತಾಯಿಗೆ ಸಿಕ್ಕಿತು. ಎತ್ತಿದಳು, ಆ ಬಲಗೈಯ ಮೇಲಿಟ್ಟು ತನ್ನ ಮೈಭಾರವನ್ನೆಲ್ಲ ಹಾಕಿ ಒತ್ತಿದಳು. ಚರ್ಮ ಸುಡುವ ವಾಸನೆ ಬಂತು. ಅವನು ಕಿರುಚಿ ಮಗುವನ್ನು ಬಿಟ್ಟ. ಮಗು ಸ್ಟೂಲಿನಿಂದ ಬಿದ್ದಿತು. ಅವಳು ಮಾತ್ರ ಬಿಡಲಿಲ್ಲ. ತನ್ನ ಕಿವಿಯ ಲೆಕ್ಕಕ್ಕೊಂದು ಸಲ, ತುಟಿಯ ಲೆಕ್ಕಕ್ಕೊಂದು ಸಲ ಎಂಬಂತೆ ಆ ಕೈಯ ಮೇಲೆ ಎತ್ತಿ ಎತ್ತಿ ಇಟ್ಟಳು. ಸಾಕು ಎಂದು ಅವಳ ಮನಸ್ಸಿಗೆ ಅನ್ನಿಸಿದರೂ ಕೈಗೆ ಅನ್ನಿಸಲಿಲ್ಲ. ಅವನು ನೀರಿನಲ್ಲಿ ಮಂಡಿಯೂರಿ "ಬೇಡ ಕಣೇ, ಬೇಡ ಕಣೇ" ಎನ್ನುತ್ತಿದ್ದ. ಕೊನೆಗೆ ವೈರು ಕಿತ್ತು ಬಂತು.

ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಓಡಿದಳು. ಪೇಟೆಯ ಆಚೆ ತುದಿಯಲ್ಲಿ ಅಕ್ಕನ ಮನೆ. ಅಕ್ಕ ಬಾಗಿಲು ತೆಗೆದು ತಂಗಿಯ ಮುಖ ನೋಡಿ, ಒಳಗೆ ಕರೆದು ಚಿಲಕ ಹಾಕಿದಳು.

"ಮಗೂಗೆ ಏನೂ ಆಗಿಲ್ಲ ಅಕ್ಕ. ಕೈ ಉಳೀತು," ಎಂದಳು ತಂಗಿ. ಎಷ್ಟೋ ವರ್ಷಗಳ ಮೇಲೆ ಅವಳಿಗೆ ಗೆದ್ದೆ ಅನ್ನಿಸಿತ್ತು. ಮಗಳನ್ನು ಚಾಪೆಯ ಮೇಲೆ ಕೂರಿಸಿ, ಕೆನ್ನೆಗೆ ಮೆತ್ತಿದ್ದ ಚಾಕ್ ಪುಡಿ ಒರೆಸಲು ಕೈ ಚಾಚಿದಳು.

ಗುಂಡಿ ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಗೋಡೆಗೆ ಅಂಟಿಕೊಂಡಳು.

"ಸುಡಬೇಡಮ್ಮಾ," ಎಂದಳು. "ನಾನು ಬರಿಯಲ್ಲ."