ಗಂಜಿಯ ಮೇಲಿನ ಪದರ

2023ರ ಫೆಬ್ರುವರಿ 14, ಮಂಗಳವಾರ, ಬೆಳಿಗ್ಗೆ ಎಂಟು ಗಂಟೆ ಐವತ್ತೆರಡು ನಿಮಿಷ. ಹೆಪ್ಪುಗಟ್ಟಿದ ದೊಡ್ಡ ಕೆರೆಯ ಲೂನ್ ಕೊಲ್ಲಿಯ ದಡದಲ್ಲಿ, ಶಿಬಿರದ ಟ್ರೇಲರಿಗೆ ಒತ್ತಿಕೊಂಡು ನಿಂತಿದ್ದ ಪಿಕಪ್ಪಿನೊಳಗೆ ಕೂತು ಡೋರೀನ್ ವೆಡಾವಿನ್ ತೊಡೆಯ ಮೇಲಿನ ಕಂಪ್ಯೂಟರಿಗೆ ಬೈಯುತ್ತಿದ್ದಳು. ಹೊರಗೆ ಸೊನ್ನೆಗಿಂತ ಮೂವತ್ತೆಂಟು ಡಿಗ್ರಿ ಕೆಳಗೆ. ಪರದೆಯ ಮೇಲೆ 137 ಸೆಂಟಿಮೀಟರ್ ಎಂದಿತ್ತು. ಹಸಿರು ಬಣ್ಣದಲ್ಲಿ, ಏನೂ ಅನುಮಾನವಿಲ್ಲದಂತೆ.

ಕೊಲ್ಲಿಯ ಮೇಲಿನ ಹಳೆಯ ದಾರಿ ಹಿಂದಿನ ವಾರ ಬಿರುಕು ಬಿಟ್ಟು ಎದ್ದುಕೊಂಡಿತ್ತು. ಅದನ್ನು ಬಿಟ್ಟು ಸುತ್ತಿ ಹೋಗುವ ಹಾಗೆ ಹಿಮ ಗೋರಿ ಹೊಸ ದಾರಿ ಮಾಡಿದ್ದರು. ಆಚೆ ದಡದ ಟ್ರೌಟ್ ನ್ಯಾರೋಸ್ ಊರಿಗೆ ಚಳಿಗಾಲದಲ್ಲಿ ಇರುವುದು ಈ ಮಂಜುಗಡ್ಡೆಯ ದಾರಿಯೊಂದೇ. ಊರಿನ ವಿದ್ಯುತ್ ಯಂತ್ರ ಡೀಸೆಲ್ಲಿನ ಮೇಲೆ ನಡೆಯುತ್ತದೆ, ತೊಟ್ಟಿಯ ತಳ ಕಾಣುತ್ತಿದೆ. ತುಂಬಿದ ಟ್ಯಾಂಕರು ಅರವತ್ಮೂರು ಟನ್ ತೂಗುತ್ತದೆ. ಅದನ್ನು ಹೊರಲು ಗಟ್ಟಿ ಮಂಜುಗಡ್ಡೆ 126 ಸೆಂಟಿಮೀಟರ್ ಬೇಕು. ಇದೆಯೋ ಇಲ್ಲವೋ ಎಂದು ಹೇಳುವುದು ಡೋರೀನಳ ಕೆಲಸ. ನಸುಕಿಗೆ ಮುಂಚೆಯೇ ಅವಳು ಹಿಮದ ಮೇಲೆ ಓಡುವ ಸ್ನೋಮೊಬೈಲಿನ ಹಿಂದೆ ರಾಡಾರ್ ಪೆಟ್ಟಿಗೆಯ ಜಾರುಬಂಡಿ ಕಟ್ಟಿ ಹೊಸ ದಾರಿಯ ಉದ್ದಕ್ಕೂ ಎಳೆದು ಬಂದಿದ್ದಳು.

ಸಂಖ್ಯೆ ಬೇಕಾದದ್ದಕ್ಕಿಂತ ಹೆಚ್ಚೇ ಇತ್ತು. ಸಂಖ್ಯೆಯ ಕೆಳಗಿನ ಚಿತ್ರದಲ್ಲಿ, ಕೊಲ್ಲಿಯ ನಡುಮಧ್ಯದಲ್ಲಿ, ಒಂದು ಮಸುಕು ಗೆರೆ ಇತ್ತು. ಹೋದ ವರ್ಷವೂ ಅವಳು ಅಂಥದ್ದನ್ನು ಕಂಡಿದ್ದಳು.

ರಾಡಾರಿನ ಲೆಕ್ಕ ಸರಳ. ಅಲೆ ಕೆಳಗಿಳಿದು, ಮಂಜುಗಡ್ಡೆಯ ತಳಕ್ಕೆ ಬಡಿದು ಮರಳುತ್ತದೆ. ಹೋಗಿಬರಲು ಹಿಡಿದ ಹೊತ್ತಿನಿಂದ ದಪ್ಪ ತಿಳಿಯುತ್ತದೆ. ಆದರೆ ನಡುವೆ ಎಲ್ಲಾದರೂ ಹಿಮ ನೀರಿನಲ್ಲಿ ನೆನೆದು ಗಂಜಿಯಂತಾಗಿ ಉಳಿದಿದ್ದರೆ ಅಲೆ ಅಲ್ಲಿ ನಿಧಾನವಾಗುತ್ತದೆ. ಅಂಗಡಿಗೆ ಕಳಿಸಿದ ಮಗ ಕೆಸರಿನಲ್ಲಿ ಕಾಲು ಹೂತು ತಡವಾಗಿ ಬಂದರೆ, ಅಂಗಡಿಯೇ ದೂರವಿರಬೇಕು ಎಂದು ತಾಯಿ ತಿಳಿದ ಹಾಗೆ, ಪ್ರೋಗ್ರಾಮು ಆ ತಡವನ್ನೆಲ್ಲ ದಪ್ಪದ ಲೆಕ್ಕಕ್ಕೆ ಸೇರಿಸುತ್ತದೆ. ಗೇಣುದ್ದದ ಗಂಜಿ ಮೊಳದುದ್ದದ ಮಂಜುಗಡ್ಡೆಯಾಗುತ್ತದೆ.

ಈ ತಪ್ಪನ್ನು ಕಂಡುಹಿಡಿದವಳು ಡೋರೀನ್. ಹೋದ ಮಾರ್ಚಿನಲ್ಲಿ ತೂತು ಕೊರೆದು, ಅಳೆದು, ರಾಡಾರಿನ ಕಡತಗಳ ಜೊತೆ ಎಲ್ಲವನ್ನೂ ಪ್ರೋಗ್ರಾಮಿನ ಕಂಪನಿಗೆ ಕಳಿಸಿದ್ದಳು. ಅವರು ಅವಳನ್ನು ಬೀಟಾ ಬಳಗಕ್ಕೆ, ಅಂದರೆ ಬಿಡುಗಡೆಗೆ ಮುಂಚಿನ ಆವೃತ್ತಿಗಳನ್ನು ಪರೀಕ್ಷಿಸುವವರ ಗುಂಪಿಗೆ, ಸೇರಿಸಿಕೊಂಡರು. ಬೇಸಿಗೆಯ ಸಂಜೆಗಳಲ್ಲಿ ಬೇರೆಯವರು ದೋಣಿ ಇಳಿಸಿ ಮೀನಿಗೆ ಹೋದರೆ ಇವಳು ಅಡುಗೆಮನೆಯ ಮೇಜಿನ ಮುಂದೆ ಅವರ ಅರೆಬೆಂದ ಪ್ರೋಗ್ರಾಮುಗಳನ್ನು ಪರೀಕ್ಷಿಸಿ ವರದಿ ಬರೆದಳು. ಬಿಟ್ಟಿ ಕೆಲಸ. ಬಿಟ್ಟಿಯೆಂದು ಆಗ ಅನ್ನಿಸಿರಲಿಲ್ಲ.

ತಿದ್ದಿದ ಬೀಟಾ ಹಿಂದಿನ ಸೋಮವಾರ ಹೊರಬಿತ್ತು. ಅಪ್‌ಡೇಟುಗಳಿಗಾಗಿ ವರ್ಷಕ್ಕೊಮ್ಮೆ ಕಟ್ಟುವ ಚಂದಾ ಜನವರಿ ಮೂವತ್ತೊಂದಕ್ಕೆ ಮುಗಿದಿತ್ತು.

ಕಿಟಕಿಯ ಗಾಜಿನ ಮೇಲೆ ಯಾರೋ ಗುದ್ದಿದರು. ಕರ್ಟ್ ಹಾಲ್ಡರ್ಸನ್, ದಾರಿಯ ಮೇಲ್ವಿಚಾರಕ. ಗಡ್ಡದ ತುಂಬ ಹಿಮ ಕಟ್ಟಿತ್ತು.

"ಏನಾಯ್ತು? ಟ್ಯಾಂಕರ್ ಬಂದು ನಿಂತಿದೆ. ಸಂಖ್ಯೆ ಹೇಳು."

"ಸಂಖ್ಯೆ ಇದೆ. ನಂಬೋ ಹಾಗಿಲ್ಲ."

"ಎಷ್ಟು?"

"ನೂರಾ ಮೂವತ್ತೇಳು."

"ಹಬ್ಬ ಮಾಡೋ ಸಂಖ್ಯೆ ಕಣೇ ಅದು!"

"ನಡುವೆ ಗಂಜಿ ಇದೆ ಅಂತ ಕಾಣ್ಸತ್ತೆ. ಈ ಹಳೇ ಪ್ರೋಗ್ರಾಮಿಗೆ ಗಂಜಿ ಗೊತ್ತಾಗಲ್ಲ. ಹೊಸದಕ್ಕೆ ಗೊತ್ತಾಗತ್ತೆ. ಹೊಸದು ನಮಗೆ ಸಿಗಲ್ಲ. ಯಾಕೆ ಅಂತ ಕೇಳು."

ಕರ್ಟ್ ಕೇಳಲಿಲ್ಲ. ಅವನಿಗೆ ಗೊತ್ತಿತ್ತು. ಡಿಸೆಂಬರಿನಲ್ಲಿ ನವೀಕರಣದ ಪತ್ರ ಬಂದಾಗ ಬೇಡವೆಂದು ಗೀಚಿದ್ದವನು ಅವನೇ.

"ಲೈಸೆನ್ಸ್ ನಮ್ಮದೇ ತಾನೆ? ಶಾಶ್ವತ ಅಂತ ಅವರೇ ಬರ್ಕೊಟ್ಟಿದ್ದಾರೆ. ಪ್ರೋಗ್ರಾಮ್ ತೆರ್ಕೊಳ್ತಾ ಇದೆ, ನಡೀತಾ ಇದೆ. ಪರದೆ ಮೇಲಿನ ಎರಡು ಗುಂಡಿಯ ಬಣ್ಣ ಬದಲಾಯಿಸೋಕೆ ವರ್ಷವರ್ಷ ಯಾಕೆ ದುಡ್ಡು ಸುರೀಬೇಕು ಅಂದೆ. ತಪ್ಪಾ?"

"ತಪ್ಪು ಶಾಶ್ವತವಾಗಿ ನಮ್ಮದೇ ಆಯ್ತು. ತಿದ್ದಿದ್ದು ಮಾತ್ರ ಚಂದಾ ಕಟ್ಟಿದವರದ್ದು."

"ಹಾಗಾದ್ರೆ ಅವರಿಗೆ ಫೋನ್ ಮಾಡು. ನಿನ್ನ ಸ್ನೇಹಿತರಲ್ವಾ."

ಮಾಡಿದಳು. ಟ್ರೇಲರಿನ ಮೇಲಿನ ಉಪಗ್ರಹದ ತಟ್ಟೆಯ ದಯೆಯಿಂದ ಫೋನು ಮೂರನೆಯ ಸಲಕ್ಕೆ ಸಿಕ್ಕಿತು. ಸಹಾಯವಾಣಿಯ ಹುಡುಗ ಬ್ರೆನ್ನನ್ ಎಂಬವನು. ಬೆಚ್ಚಗಿನ ಕೋಣೆಯಲ್ಲಿ ಕಾಫಿ ಕುಡಿಯುತ್ತ ಕೂತವನ ದನಿ.

"ಹೌದು ಮೇಡಂ, ಆ ದೋಷ ಬೀಟಾದಲ್ಲಿ ಸರಿಯಾಗಿದೆ. ನಿಮ್ಮ ಖಾತೆ ನೋಡ್ತೀನಿ... ಓ. ನಿಮ್ಮ ಚಂದಾ ಅವಧಿ ಮುಗಿದಿದೆಯಲ್ಲ. ನವೀಕರಿಸಿದ್ರೆ ಎರಡು ಮೂರು ಕೆಲಸದ ದಿನದಲ್ಲಿ ಬೀಟಾ ಇಳಿಸ್ಕೋಬಹುದು."

"ಇನ್ನು ಒಂದು ಗಂಟೆಯಲ್ಲಿ ಟ್ಯಾಂಕರ್ ಐಸ್ ಮೇಲೆ ಇಳಿಯತ್ತಪ್ಪಾ. ಆ ದೋಷ ತಿಳಿಸಿದ್ದು ಯಾರು ಅಂತ ಬರೆದಿದೆ, ಓದು."

ಕೀಲಿ ಒತ್ತುವ ಸದ್ದು. "ಡಿ. ವೆಡಾವಿನ್ ಅವರಿಗೆ ಕೃತಜ್ಞತೆಗಳು ಅಂತಿದೆ. ಅಯ್ಯೋ, ನೀವೇನಾ? ತುಂಬಾ ಥ್ಯಾಂಕ್ಸ್ ಮೇಡಂ! ಇದರಿಂದ ಎಷ್ಟೋ ಜನಕ್ಕೆ ಉಪಕಾರ ಆಯ್ತು."

ಡೋರೀನ್ ಫೋನನ್ನು ಕಿವಿಯಿಂದ ತೆಗೆದು ನೋಡಿದಳು, ಮತ್ತೆ ಇಟ್ಟುಕೊಂಡಳು.

"ಎಷ್ಟು ಜನಕ್ಕೆ? ಹಳೇದು ಇಟ್ಕೊಂಡು ಇವತ್ತು ಐಸ್ ಮೇಲೆ ನಿಂತಿರೋರಿಗೆ ನೀವು ಹೇಳಿದ್ದೀರಾ, ಈ ಸಂಖ್ಯೆ ನಂಬಬೇಡಿ ಅಂತ?"

"ಸೂಚನೆ ಎಲ್ಲ ಗ್ರಾಹಕರಿಗೂ ಹೋಗಿದೆ ಮೇಡಂ."

"ನನಗೆ ಬಂದಿಲ್ಲ."

"ಅಂದ್ರೆ, ಚಂದಾ ಚಾಲ್ತಿಯಲ್ಲಿರೋ ಗ್ರಾಹಕರಿಗೆ."

"ಅಂದ್ರೆ ಸರಿಯಾದ ಪ್ರೋಗ್ರಾಮ್ ಇರೋರಿಗೆ ಮಾತ್ರ, ತಪ್ಪು ಪ್ರೋಗ್ರಾಮ್ ಬಳಸಬೇಡಿ ಅಂತ ಹೇಳಿದ್ದೀರಿ. ಮುಳುಗೋನನ್ನ ಬಿಟ್ಟು ದಡದಲ್ಲಿ ಕೂತವನಿಗೆ ಎಚ್ಚರಿಕೆ! ನಿಮ್ಮಮ್ಮ ಸಾರಿಗೆ ವಿಷ ಬಿದ್ದಿದ್ರೂ ಹೀಗೇ ಬಡಿಸ್ತಾರಾ, ಸಾರು ಬೇಡ ಅಂದವರಿಗೆ ಮಾತ್ರ ಹೇಳಿ?"

ಬ್ರೆನ್ನನ್ ತಗ್ಗಿದ ದನಿಯಲ್ಲಿ, "ಮೇಡಂ, ನನ್ನ ಕೈಲಿಲ್ಲ. ಮೇಲಿನವರನ್ನು ಕೇಳ್ತೀನಿ. ನಿಜವಾಗ್ಲೂ ಕೇಳ್ತೀನಿ" ಎಂದ.

ಆ ಹುಡುಗನ ತಪ್ಪಲ್ಲ ಎಂಬುದು ಅವಳಿಗೆ ತಿಳಿದಿತ್ತು. ತಿಳಿದಷ್ಟೂ ಸಿಟ್ಟು ಏರಿತು. ಹಿಡಿದು ಜಗ್ಗಲು ಒಂದು ಜುಟ್ಟಾದರೂ ಸಿಗಬೇಡವೆ?

ಕರ್ಟ್ ಟ್ರೇಲರಿನ ಮೆಟ್ಟಿಲ ಮೇಲೆ ಕಾಯುತ್ತಿದ್ದ. "ಸಿಕ್ತಾ?"

"ಥ್ಯಾಂಕ್ಸ್ ಸಿಕ್ತು. ಬೈರಿಗೆ ಕೊಡು. ಕೊರೆದು ನೋಡ್ತೀನಿ."

"ಡೋರೀನ್, ಕೇಳು. ಆ ಊರಲ್ಲಿ ಹಸುಗೂಸುಗಳಿವೆ. ಯಂತ್ರ ನಿಂತ್ರೆ ಈ ಚಳೀಲಿ ಏನಾಗತ್ತೆ ಅಂತ ನಿನಗೆ ನಾನು ಹೇಳ್ಬೇಕಾ? ನಿನ್ನ ಕಡತದಲ್ಲೇ ನೂರಾ ಮೂವತ್ತೇಳು ಅಂತಿದೆ. ಎಣ್ಣೆ ಕಂಪನಿಯವರು ಒಪ್ಪೋದೂ ಅದನ್ನೇ. ಅನುಮಾನ ಅಂತ ನಾನು ವರದೀಲಿ ಬರೆಯೋಕಾಗಲ್ಲ. ಹತ್ತೂವರೆ ತನಕ ಕಾಯ್ತೀನಿ. ಆಮೇಲೆ ಸಹಿ ಹಾಕ್ತೀನಿ."

ದಡದಂಚಿಗೆ ಬಂದು ನಿಂತಿದ್ದ ಟ್ಯಾಂಕರಿನಿಂದ ರೇಡಿಯೋ ಗೊಗ್ಗರಿಸಿತು. ಚಾಲಕ ನಾರ್ಬರ್ಟ್, ಡೋರೀನಳ ತಾಯಿಯ ತಮ್ಮ. ಮಂಜುಗಡ್ಡೆಯ ಮೇಲೆ ಓಡಿಸುತ್ತ ತಲೆ ನರೆತವನು.

"ಏನಮ್ಮಾ ಇಂಜಿನಿಯರಮ್ಮ, ಕಂಪ್ಯೂಟರ್ ಪೂಜೆ ಮುಗೀತಾ? ನನ್ನ ಟೀ ಆರ್ತಾ ಇದೆ."

"ಇನ್ನೊಂದು ಲೋಟ ಬಗ್ಗಿಸ್ಕೋ ಮಾಮ. ಅಲ್ಲಿಂದ ಕದಲ್ಬೇಡ."

"ನೀನು ಹೂಂ ಅನ್ನೋ ತನಕ ಕದಲಲ್ಲ ಕಣವ್ವ."

"ನಾರ್ಬರ್ಟ್ ಹೋಗದಿದ್ರೆ ಹಿಂದಿನ ಗಾಡೀಲಿ ಇನ್ನೊಬ್ಬ ಇದ್ದಾನೆ," ಎಂದ ಕರ್ಟ್, ರೇಡಿಯೋಗೆ ಕೇಳದ ಹಾಗೆ. "ಮೊದಲ ವರ್ಷದ ಹುಡುಗ. ಹೋಗು ಅಂದ್ರೆ ಹೋಗ್ತಾನೆ."

ಅವಳು ಬೈರಿಗೆಯನ್ನು ಸ್ನೋಮೊಬೈಲಿಗೆ ಕಟ್ಟಿ ಹೊರಟಳು.

ಕೊಲ್ಲಿಯ ನಡುವೆ ಗಾಳಿ ಮುಖದ ಚರ್ಮ ಸುಲಿಯುವಂತಿತ್ತು. ಮಸುಕು ಗೆರೆ ಬಿದ್ದ ಜಾಗದ ಗುರುತು ಅವಳ ಕೈಯ ಸಾಧನದಲ್ಲಿತ್ತು. ಆ ಗುರುತಿನ ಮೇಲೆಯೇ ನಿಂತು ಬೈರಿಗೆಯನ್ನು ಇಳಿಸಿದಳು. ಬಿಳಿ ಪುಡಿ, ಆಮೇಲೆ ನೀಲಿ ಪುಡಿ, ಮತ್ತೂ ನೀಲಿ ಪುಡಿ. ಎಲ್ಲೂ ಬೈರಿಗೆ ಕುಸಿಯಲಿಲ್ಲ. ಕೊನೆಗೆ ನೀರು ಚಿಮ್ಮಿತು. ತುದಿಯಲ್ಲಿ ಕೊಕ್ಕೆಯಿದ್ದ ಅಳತೆಪಟ್ಟಿಯನ್ನು ಇಳಿಸಿ ತಳಕ್ಕೆ ಸಿಕ್ಕಿಸಿ ಎಳೆದಳು. 128. ಒಂದೇ ಕಲ್ಲಿನಂಥ ಗಟ್ಟಿ ಮಂಜುಗಡ್ಡೆ.

"ಎಷ್ಟು?" ರೇಡಿಯೋದಲ್ಲಿ ಕರ್ಟ್.

ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ. "ನೂರಾ ಇಪ್ಪತ್ತೆಂಟು."

"ಗಂಜಿ?"

"ಇಲ್ಲ."

"ದೇವರು ದೊಡ್ಡವನು. ವಾಪಸ್ ಬಾ. ಬರೋಷ್ಟರಲ್ಲಿ ಸಹಿ ಆಗಿರತ್ತೆ."

ಅವಳು ಮೊಣಕಾಲೂರಿ ಹಾಗೆಯೇ ಕೂತಳು. ಬೆಳಗಿನಿಂದ ಕರ್ಟ್‌ನ ಮೇಲೆ, ಆ ಹುಡುಗನ ಮೇಲೆ, ತನ್ನ ಹೆಸರಿಗೆ ಕೃತಜ್ಞತೆ ಬರೆದು ಬಾಗಿಲು ಹಾಕಿಕೊಂಡ ಕಂಪನಿಯ ಮೇಲೆ ಕುದ್ದದ್ದೆಲ್ಲ ಈಗ ತನ್ನ ಕಡೆಗೇ ತಿರುಗಿತು. ಪರದೆ 137 ಅಂದಿತು, ತೂತು 128 ಅಂದಿತು. ಒಂಬತ್ತು ಸೆಂಟಿಮೀಟರಿನ ವ್ಯತ್ಯಾಸಕ್ಕೆ ಊರನ್ನು ಕತ್ತಲಲ್ಲಿ ಇಡುವುದೆ? ಆದರೆ ಗಟ್ಟಿ ಮಂಜುಗಡ್ಡೆಯಲ್ಲಿ ಈ ರಾಡಾರು ಒಂಬತ್ತು ಸೆಂಟಿಮೀಟರ್ ತಪ್ಪುವುದಿಲ್ಲ. ಎರಡು ತಪ್ಪಬಹುದು, ಮೂರು ತಪ್ಪಬಹುದು. ಮಸುಕು ಗೆರೆ ಸುಮ್ಮನೆ ಬೀಳುವುದಿಲ್ಲ. ಹಾಗಾದರೆ ಅವಳು ನಿಂತ ಜಾಗವೇ ಬೇರೆ ಇರಬೇಕು.

ಸ್ನೋಮೊಬೈಲಿನ ಹಿಂದೆ ಸುರುಳಿ ಸುತ್ತಿ ಕಟ್ಟಿದ್ದ ಹಗ್ಗ ಕಣ್ಣಿಗೆ ಬಿತ್ತು.

ಇಂಜಿನ್ನಿನ ಗದ್ದಲ ರಾಡಾರಿಗೆ ತಾಗದಿರಲೆಂದು ಈ ವರ್ಷ ಅವಳೇ ಉದ್ದ ಮಾಡಿದ ಹಗ್ಗ ಅದು. ಎಂಟು ಮೀಟರ್. ಜಾಗ ಗುರುತಿಸುವ ಸಾಧನ ಸ್ನೋಮೊಬೈಲಿನ ಮೇಲೆ ಇರುತ್ತದೆ, ನೋಡುವ ಕಣ್ಣು ಹಿಂದಿನ ಜಾರುಬಂಡಿಯಲ್ಲಿ. ಕಲಿಯಲು ಬಂದವರಿಗೆ ಮೊದಲ ದಿನ ಅವಳೇ ಹೇಳಿಕೊಡುವ ಪಾಠ: ಗುರುತಿನಲ್ಲಿ ಕೊರೆಯಬೇಡಿ, ಹಗ್ಗದಷ್ಟು ಹಿಂದೆ ಹೋಗಿ ಕೊರೆಯಿರಿ. ಸಿಟ್ಟು ಅದನ್ನೇ ಮರೆಸಿಬಿಟ್ಟಿತ್ತು.

"ಥೂ ನನ್ನ ಬುದ್ಧಿಗಿಷ್ಟು," ಎಂದು ಗಟ್ಟಿಯಾಗಿಯೇ ಹೇಳಿಕೊಂಡಳು. ರೇಡಿಯೋ ಎತ್ತಿದಳು. "ಕರ್ಟ್, ಸಹಿ ಹಾಕ್ಬೇಡ. ತಪ್ಪು ಜಾಗದಲ್ಲಿ ಕೊರೆದೆ. ಇನ್ನೊಂದು ತೂತು."

"ಎಷ್ಟು ತೂತು ಕೊರೀತೀಯ? ನಿನಗೆ ಬೇಕಾದ ಉತ್ತರ ಸಿಗೋ ತನಕಾನಾ?"

"ಹೌದು, ಅಂದ್ಕೋ! ಮಾಮ, ಕೇಳ್ತಿದ್ದೀಯಾ?"

"ಕೇಳ್ತಿದ್ದೀನಿ. ಗಾಡಿ ಅಡ್ಡ ನಿಲ್ಲಿಸಿದ್ದೀನಿ ಕಣವ್ವ. ಹಿಂದಿನ ಹುಡುಗ ಹಾರ್ಕೊಂಡು ಹೋದ್ರೆ ಹೋಗ್ಬೇಕು."

ನಸುಕಿಗೆ ಮುಂಚೆ ಜಾರುಬಂಡಿ ಎಳೆದ ಜಾಡಿನ ಮೇಲೆ, ಗುರುತಿನಿಂದ ಹಿಂದಕ್ಕೆ ಹಗ್ಗವನ್ನು ಬಿಚ್ಚಿ ಹಾಸಿ, ಅದರ ತುದಿಯಲ್ಲಿ ಬೈರಿಗೆಯನ್ನು ಊರಿದಳು. ಬಿಳಿ ಪುಡಿ. ಸ್ವಲ್ಪ ನೀಲಿ ಪುಡಿ. ಇದ್ದಕ್ಕಿದ್ದಂತೆ ಹಿಡಿ ಕೈಯಿಂದ ಜಾರಿ ಬೈರಿಗೆ ಸರ್ರನೆ ಕುಸಿಯಿತು. ತೂತಿನ ಬಾಯಿಯಿಂದ ಬೂದು ಬಣ್ಣದ ಗಂಜಿ ಉಕ್ಕಿ ಅವಳ ಬೂಟುಗಳನ್ನು ಮುಚ್ಚಿತು, ಮುಚ್ಚಿದಂತೆಯೇ ಹೆಪ್ಪುಗಟ್ಟಿತು. ಬೈರಿಗೆ ಗಂಜಿಯ ಕೆಳಗೆ ಮತ್ತೆ ಗಟ್ಟಿಯನ್ನು ಮುಟ್ಟಿ ಕಿರುಗುಟ್ಟಿತು. ಆ ಗಟ್ಟಿಗೆ ಲೆಕ್ಕವಿಲ್ಲ. ನಡುವೆ ನೀರು ಸಿಕ್ಕಿದರೆ ಮೇಲಿನ ಪದರವೊಂದೇ ದಾರಿ. ಕೆಳಗಿನದು ಕೆರೆಯದು.

ಅವಳು ಹೊಟ್ಟೆಯ ಮೇಲೆ ಮಲಗಿ ಅಳತೆಪಟ್ಟಿಯನ್ನು ಇಳಿಸಿದಳು. ರೇಡಿಯೋದಲ್ಲಿ ಕರ್ಟ್ ಮತ್ತೆ ಮಾತಾಡಿದ. ದನಿ ಬದಲಾಗಿತ್ತು, ಸ್ವಲ್ಪ ಗೆದ್ದವನಂತೆ.

"ಕೇಳು, ಮೇಲ್ ಬಂದಿದೆ ನಿನ್ನ ಕಂಪನಿಯಿಂದ. ಬೀಟಾ ಕೊಡ್ತಾರಂತೆ, ಹದಿನೈದು ದಿನಕ್ಕೆ. ಒಂದೇ ಷರತ್ತು. ಆ ಜಾಗದಲ್ಲಿ ನೀನು ಕೊರೆದು ಅಳೆದ ಸಂಖ್ಯೆ ಎಲ್ಲ ಅವರಿಗೆ ಕಳಿಸ್ಬೇಕಂತೆ. ಪರೀಕ್ಷೆಗೆ ಉಪಯೋಗ ಆಗತ್ತಂತೆ. ಏನು ಬರೀಲಿ?"

ಡೋರೀನ್ ನಕ್ಕಳು. ಆ ನಗು ಗಾಳಿಗೆ ಸಿಕ್ಕಿ ಕೆಮ್ಮಾಯಿತು. ಕೊಕ್ಕೆ ಮೇಲಿನ ಪದರದ ಅಡಿಗೆ ಸಿಕ್ಕಿತು. ಎಳೆದು, ಹೆಬ್ಬೆರಳಿನಿಂದ ಗುರುತು ಹಿಡಿದು, ಕಣ್ಣಿನ ಹತ್ತಿರ ತಂದು ಓದಿದಳು. ನಂಬಿಕೆ ಬಾರದೆ ಮತ್ತೆ ಇಳಿಸಿ ಅಳೆದಳು. ಅಷ್ಟೇ ಬಂತು.

"ಮೊದಲು ದಾರಿ ಮುಚ್ಚು," ಎಂದಳು. "ಊರಿಗೆ ಅರ್ಧ ಪೀಪಾಯಿಗಳಲ್ಲಿ ಸ್ನೋಮೊಬೈಲ್ ಮೇಲೆ ಡೀಸೆಲ್ ಸಾಗಿಸೋಕೆ ಶುರು ಮಾಡು. ಹತ್ತು ಗಾಡಿ ಬೇಕು, ನನ್ನದೂ ಸೇರಿಸ್ಕೋ. ಆ ಕಂಪನಿಗೆ ಏನೂ ಬರೀಬೇಡ. ಇಲ್ಲಿಗೆ ಬಂದು ಓದ್ಕೊಳ್ಳಲಿ."

"ಎಷ್ಟು ಅಂತ ಹೇಳೇ ಮಹರಾಯ್ತಿ!"

ಸ್ನೋಮೊಬೈಲಿನಲ್ಲಿದ್ದ ಕಿತ್ತಳೆ ಬಣ್ಣದ ಹಲಗೆಯನ್ನು ಅವಳು ದಾರಿಯ ನಟ್ಟನಡುವೆ ಹಿಮದಲ್ಲಿ ನೆಟ್ಟಳು. ಕೈಗವಸು ಕಳಚಿ ಕಪ್ಪು ಬಳಪವನ್ನು ಹಿಡಿದಳು. ಯಾವ ಲೈಸೆನ್ಸೂ ಇಲ್ಲದವನು ದೂರದಿಂದಲೇ ಓದುವಷ್ಟು ದೊಡ್ಡದಾಗಿ ಬರೆದಳು. ಬರೆಯುತ್ತಲೇ ರೇಡಿಯೋದಲ್ಲಿ ಎಲ್ಲರಿಗೂ ಕೇಳುವ ಹಾಗೆ ಓದಿ ಹೇಳಿದಳು.

"ಮೇಲಿನ ಪದರ, ಇಪ್ಪತ್ತೊಂಬತ್ತು ಸೆಂಟಿಮೀಟರ್."